ಎಡಗಡೆಯ ಹಿಂಬಾಗಿಲು

ನಿಮ್ಮ ಅವ್ವನ ಕಾರಿನಲ್ಲಿ ಕೂತಾಗಲೆಲ್ಲ ನೀವು ಲಾಕಿನ ಗುಂಡಿ ಒತ್ತಿ ಟಕ್ ಟಕ್ ಎನಿಸುತ್ತೀರಿ. ಬೈಯಬೇಕೆಂದು ಬಾಯಿ ತೆರೆದು ಸುಮ್ಮನಾಗುತ್ತೇನೆ. ಆ ಸದ್ದಿಗಾಗಿ ಒಮ್ಮೆ ನಾನು ಎರಡು ದಿನ ಕಿವಿಗೊಟ್ಟು ಕಾದಿದ್ದೆ.

ನಿಮ್ಮ ಅಜ್ಜ ಮಾದಾಪುರದ ಒಂದು ಸಾಫ್ಟ್‌ವೇರ್ ಕಚೇರಿಗೆ ಕಾರು ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಾರು ಕಾಚಿಗೂಡದ ನಮ್ಮ ಮನೆಯ ಮುಂದೆ ಧೂಳು ಹೊದ್ದು ನಿಂತಿತ್ತು. ಮಾರಿಬಿಡಿ ಎಂದು ಬಂದವರೆಲ್ಲ ಹೇಳಿದರು. ಆಗ ನಿಮ್ಮ ಅವ್ವನಿಗಿನ್ನೂ ಮದುವೆಯಾಗಿರಲಿಲ್ಲ. ಅಪ್ಪನ ಕಾರನ್ನು ತಾನೇ ಓಡಿಸುತ್ತೇನೆಂದು ಲೈಸೆನ್ಸ್ ಮಾಡಿಸಿಕೊಂಡು ಬಂದಳು. ಸಂಜೆ ಮನೆಗೆ ಮರಳುವ ಹೆಣ್ಣುಮಕ್ಕಳನ್ನು ಬಿಟ್ಟುಬರಲು ಅದೇ ಕಚೇರಿಯವರು ಒಪ್ಪಿದರು. ಆದರೆ ಅಲ್ಲಿ ಗಾಡಿಗಳನ್ನು ಪರೀಕ್ಷಿಸುವವರು ಎಡಗಡೆಯ ಹಿಂಬಾಗಿಲಿನ ಹತ್ತಿರ ನಿಂತುಬಿಟ್ಟರು. ಡ್ರೈವರ್ ಗುಂಡಿ ಒತ್ತಿದರೆ ಮೂರು ಬಾಗಿಲುಗಳು ಲಾಕ್ ಆಗುತ್ತಿದ್ದವು, ಅದೊಂದು ಅಲುಗುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ನಾಲ್ಕೂ ಲಾಕ್ ಆದರೆ ಕೆಲಸ, ಇಲ್ಲವಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದರು. ಅಂದು ಶುಕ್ರವಾರ.

ಮರುದಿನ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದ ಮಿಸ್ತ್ರಿಯವರ ಬಳಿ ಹೋದೆವು. ಬೀದರದ ಕಡೆಯವರು, ಕಾರಿನ ವೈರಿಂಗ್ ಕೆಲಸ ಮಾಡುತ್ತಿದ್ದರು. ನಾನು ಸೆರಗು ಹೊದ್ದು ಸ್ಟೂಲಿನ ಮೇಲೆ ಕೂತೆ. ಅಂಗಡಿ, ಗ್ಯಾರೇಜಿನ ಓಡಾಟವೆಲ್ಲ ನಿಮ್ಮ ಅಜ್ಜನದೇ ಆಗಿತ್ತು. ಹೊರಗಿನವರೊಂದಿಗೆ ಮಾತಾಡಬೇಕೆಂದರೆ ನನಗೆ ನಾಲಿಗೆ ಒಣಗುತ್ತಿತ್ತು.

“ಮೂರು ಬಾಗಿಲಾ ನಡೀತಾವಂದ್ರ ಫ್ಯೂಸ್ ಚಲೋ ಐತ್ರಿ. ಈ ಬಾಗಿಲದ ಮೋಟರ್ ಹೋಗೇತಿ,” ಎಂದು ಮಿಸ್ತ್ರಿ ಬಾಗಿಲಿನ ಒಳಹಲಗೆ ಬಿಚ್ಚಿದರು. ಮುಷ್ಟಿಯಷ್ಟು ದೊಡ್ಡ ಮೋಟರ್ ತೆಗೆದು ಬೇರೆಯದನ್ನು ಕೂರಿಸಿದರು. ನಿಮ್ಮ ಅವ್ವ ಗುಂಡಿ ಒತ್ತಿದಳು. ಸದ್ದಿಲ್ಲ. ಮೋಟರ್ ಹೊರತೆಗೆದು ನೇರವಾಗಿ ಬ್ಯಾಟರಿಗೆ ಹಚ್ಚಿದರೆ ಅದು ಟಕ್ ಎಂದು ಜಿಗಿಯಿತು.

ನನಗೆ ತಡೆಯಲಾಗಲಿಲ್ಲ. “ಹಳೇದನ್ನೂ ಹಂಗ ಹಚ್ಚಿ ನೋಡ್ರಿ,” ಎಂದೆ.

“ಸತ್ತದ್ದಕ್ಕ ಯಾಕ್ರಿ ಅಮ್ಮಾರ ಕರೆಂಟು?” ಎನ್ನುತ್ತಲೇ ಹಚ್ಚಿದರು. ಅದೂ ಜಿಗಿಯಿತು. ಮಿಸ್ತ್ರಿ ನಕ್ಕರು. “ಅಮ್ಮಾರು ಬಾಯಿ ಬಿಟ್ಟರು, ಮೋಟರಿಗೂ ಜೀವ ಬಂತು ನೋಡ್ರಿ!”

ಹಾಗಾದರೆ ತೊಂದರೆ ಇದ್ದದ್ದು ವೈರಿನಲ್ಲಿ. ಪೂರಾ ವೈರಿನ ಕಟ್ಟು ಬದಲಿಸಬೇಕು, ತರಿಸಲು ವಾರ ಬೇಕು ಎಂದರು ಮಿಸ್ತ್ರಿ. ವಾರವೆಂದರೆ ಸೋಮವಾರ ಕೈಬಿಟ್ಟ ಹಾಗೆಯೇ. ಹಳೆಯ ಮೋಟರನ್ನೇ ಮತ್ತೆ ಕೂರಿಸಿಕೊಂಡು ಹೊರಟೆವು. ದಾರಿಯಲ್ಲಿ ನಿಮ್ಮ ಅವ್ವ ಕಣ್ಣು ರಸ್ತೆಯ ಮೇಲಿಟ್ಟೇ ಹೇಳಿದಳು, “ಬಿಡವ್ವಾ. ಮಾರೇ ಬಿಡೂಣು.”

ಮಾರುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ.

ನನ್ನ ತವರು ನೇಕಾರರ ಮನೆ. ಏಳನೆಯ ತರಗತಿಯ ನಂತರ ನಾನು ಕಲಿತದ್ದೆಲ್ಲ ಮಗ್ಗದ ಮುಂದೆ. ಸಾವಿರಾರು ಎಳೆಗಳಲ್ಲಿ ಒಂದು ಕಡಿದರೆ ಮಗ್ಗಕ್ಕೆ ಏರಿಸಿದ ಹಾಸನ್ನೆಲ್ಲ ಯಾರೂ ಬಿಚ್ಚುವುದಿಲ್ಲ. ಬೆರಳಾಡಿಸುತ್ತ ಹೋಗುತ್ತೇವೆ. ಎಳೆ ಎಲ್ಲಿ ಸಡಿಲವೋ ಅಲ್ಲೇ ಕಡಿದಿರುತ್ತದೆ. ವೈರೂ ಒಂದು ಎಳೆಯೇ ಅಲ್ಲವೇ?

ಭಾನುವಾರ ಬೆಳಿಗ್ಗೆ ನಿಮ್ಮ ಅವ್ವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. “ನಾ ಸಾಕು ಅನ್ನೂ ತನಕಾ ಗುಂಡಿ ಒತ್ತಕೋಂತಿರು.”

“ಮಂದಿ ನೋಡಾಕತ್ತಾರವ್ವಾ.”

“ನೋಡಲಿ.”

ಹಾಗೆಂದವಳು ನಾನೇ ಎಂದು ಈಗಲೂ ನಂಬಿಕೆಯಾಗುವುದಿಲ್ಲ. ಬಾಗಿಲನ್ನು ಗೇಣು ಗೇಣಾಗಿ ತೆರೆಯುತ್ತ ಹೋದೆ. ಅರ್ಧಕ್ಕೆ ಬಂದಾಗ ಟಕ್ ಎಂದಿತು. ಇನ್ನೂ ತೆರೆದೆ, ಮೌನ. ಮತ್ತೆ ಅರ್ಧಕ್ಕೆ ತಂದೆ, ಟಕ್. ಬಾಗಿಲು ಅಲುಗಿದಾಗ ಅದರೊಂದಿಗೆ ಬಾಗುವ ವೈರು ಇದ್ದದ್ದು ಒಂದೇ ಕಡೆ. ಬಾಗಿಲಿಗೂ ಕಾರಿನ ಕಂಬಕ್ಕೂ ನಡುವೆ ಒಂದು ಕಪ್ಪು ರಬ್ಬರಿನ ಕೊಳವೆ ಇರುತ್ತದೆ, ವೈರುಗಳೆಲ್ಲ ಅದರೊಳಗಿಂದಲೇ ಹೋಗುತ್ತವೆ.

ನೇರವಾಗಿ ಮಿಸ್ತ್ರಿಯವರ ಬಳಿ ಹೋದೆವು. ನಾನು ತೋರಿಸಿದ ಕಡೆ ಅವರು ಟಾರ್ಚು ಬಿಟ್ಟರು. ಕೊಳವೆಯ ಸುತ್ತ, ಮಡಿಕೆಯ ಆಳದಲ್ಲಿ, ಒಂದು ದಾರ ಬಿಗಿದು ಕೂತಿತ್ತು. ಒಣಗಿದ ಚೆಂಡುಹೂವಿನ ಎಸಳು ಇನ್ನೂ ಅಂಟಿಕೊಂಡಿತ್ತು.

“ಯಾವ ಪುಣ್ಯಾತ್ಮ ಇಲ್ಲಿ ಹಾರಾ ಕಟ್ಟ್ಯಾನ್ರಿ! ಬಾಗಿಲಾ ತಗದಾಗೊಮ್ಮೆ ವೈರು ಇಲ್ಲೇ ಮಡಚೇತಿ.”

ಗಂಟು ನೋಡಿದ ಕೂಡಲೇ ಗುರುತು ಹತ್ತಿತು. ಅದು ನಮ್ಮ ಮಗ್ಗದ ಗಂಟು. ನಿಮ್ಮ ಅಜ್ಜ ಇದ್ದಾಗಿನ ಕೊನೆಯ ಆಯುಧಪೂಜೆಯಲ್ಲಿ ಹಾರದ ಒಂದು ತುದಿಯನ್ನು ಮೇಲಿನ ಕ್ಯಾರಿಯರಿಗೆ ಬಿಗಿದು, ಇನ್ನೊಂದಕ್ಕೆ ಜಾಗ ಕಾಣದೆ ಆ ಕೊಳವೆಗೆ ಸುತ್ತಿದ್ದೆ. ಹೂವು ಬಾಡಿದ ಮೇಲೆ ಹಾರ ಕಿತ್ತೆ, ಗಂಟು ಅಲ್ಲೇ ಉಳಿಯಿತು. ಕಚೇರಿಯವರು ಹತ್ತಿ ಇಳಿಯುತ್ತಿದ್ದದ್ದು ಆ ಬಾಗಿಲಿನಿಂದಲೇ.

ಸುಮ್ಮನಿದ್ದುಬಿಡಬಹುದಿತ್ತು. “ನಾನ ರೀ ಕಟ್ಟಿದ್ದು,” ಎಂದೆ.

ನಿಮ್ಮ ಅವ್ವ ತಿರುಗಿ ನೋಡಿದಳು. ಮಿಸ್ತ್ರಿ ಬ್ಲೇಡಿನಿಂದ ದಾರ ಕೊಯ್ಯುತ್ತ, “ಭಾಳ ಗಟ್ಟಿ ಗಂಟು ಬಿಡ್ರಿ ಅಮ್ಮಾರ, ತಾಮ್ರದ ತಂತಿ ಹರೀತು, ಇದು ಹರೀಲಿಲ್ಲ,” ಎಂದರು.

ಕೊಳವೆ ಸರಿಸಿ ವೈರುಗಳನ್ನು ಒಂದೊಂದಾಗಿ ಹಿಸುಕಿದೆ. ಹಸಿರು ವೈರಿನ ಸಿಪ್ಪೆ ಹಾಗೇ ಇತ್ತು, ಒಳಗೆ ಮಾತ್ರ ಮೆತ್ತಗೆ ಬಾಗಿತು. ಮಿಸ್ತ್ರಿ ಕತ್ತರಿಸಿ ನೋಡಿದರು, ತಾಮ್ರ ಕಡಿದಿತ್ತು. ಅವೆರಡು ತುದಿಗಳನ್ನೇ ಹೊಸೆದು ಟೇಪು ಸುತ್ತಲು ಹೊರಟವರನ್ನು ತಡೆದೆ. “ಬ್ಯಾಡ್ರಿ. ಎಳೆ ಗಿಡ್ಡ ಆದ್ರ ಜಗ್ಗತೈತಿ, ಮತ್ತ ಹರೀತೈತಿ. ನಡುವ ಒಂದು ಗೇಣು ಬ್ಯಾರೆ ವೈರು ಕೂಡಸ್ರಿ.”

ಮಿಸ್ತ್ರಿ ಗೇಣುದ್ದ ವೈರು ಸೇರಿಸಿ, ಎರಡೂ ಕಡೆ ಬೆಸುಗೆ ಹಾಕಿ, ಕೊಳವೆಯನ್ನು ಜಾಗಕ್ಕೆ ತಂದರು.

ಸೋಮವಾರ ಮಾದಾಪುರಕ್ಕೆ ನಾನೂ ಹೋದೆ, ಎಡಗಡೆಯ ಹಿಂಬಾಗಿಲಿಗೆ ಒರಗಿ ಕೂತು. ಪರೀಕ್ಷಿಸುವವರು ಗುಂಡಿ ಒತ್ತಿಸಿದರು. ನಾಲ್ಕೂ ಒಟ್ಟಿಗೆ ಟಕ್ ಎಂದವು. ಅವರು ನನ್ನ ಕಡೆಯ ಹಿಡಿಕೆಯನ್ನು ಹೊರಗಿನಿಂದ ಮೂರು ಸಲ ಜಗ್ಗಿದರು. ಬಾಗಿಲು ಬರಲಿಲ್ಲ. ಯಾರು ರಿಪೇರಿ ಮಾಡಿದ್ದು ಎಂದು ತೆಲುಗಿನಲ್ಲಿ ಕೇಳಿದರು. ನಿಮ್ಮ ಅವ್ವ ಕನ್ನಡಿಯಲ್ಲಿ ನನ್ನನ್ನು ನೋಡಿ, “ಮಾ ಅಮ್ಮ,” ಎಂದಳು, ನಮ್ಮ ಅವ್ವ ಎಂದು.

ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಅಂದು ಸಂಜೆಯೇ ಬರಲು ಹೇಳಿದರು.