ಪಾಯಿಂಟ್ ಮುದ್ದಯ್ಯನ ವಿಮಾನದ ಮಿಷಿನ್ನು

ನಾನು ಬೋರ್‌ವೆಲ್ ಲಾರಿಯ ಏಜೆಂಟು, ಹೆಸರು ನಿಂಗರಾಜು. ಪಾಂಡವಪುರದಲ್ಲಿ ಕೂತು ಸುತ್ತಲ ನಾಲ್ಕು ತಾಲ್ಲೂಕಿಗೆ ಲಾರಿ ಕಳಿಸುತ್ತೇನೆ. ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊಲ ಸುತ್ತಿದರೆ ನೀರು ಸಿಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಆದರೆ ಸಂತೆಬಾಚಹಳ್ಳಿಯ ಮುದ್ದಯ್ಯನನ್ನು ನಂಬುತ್ತೇನೆ. ಇವೆರಡೂ ಒಟ್ಟಿಗೆ ಹೇಗೆ ಅಂತ ಕೇಳಬೇಡಿ, ಇಪ್ಪತ್ತು ವರ್ಷದಿಂದ ನನಗೇ ಗೊತ್ತಾಗಿಲ್ಲ.

ಕೊರೆಯುವ ಜಾಗ ಗುರುತಿಸುವುದಕ್ಕೆ ನಮ್ಮಲ್ಲಿ ಪಾಯಿಂಟ್ ಮಾಡೋದು ಅನ್ನುತ್ತಾರೆ. ಮುದ್ದಯ್ಯ ಚಪ್ಪಲಿ ಬಿಟ್ಟು, ಜುಟ್ಟಿರುವ ಕಾಯಿಯನ್ನು ಬಲ ಅಂಗೈ ಮೇಲೆ ಅಡ್ಡ ಇಟ್ಟುಕೊಂಡು ನಡೆಯುತ್ತಾನೆ. ನೀರಿನ ಮೇಲೆ ಬಂದಾಗ ಕಾಯಿ ಎದ್ದು ನಿಲ್ಲುತ್ತದೆ. ಇದಕ್ಕೆ ಅವನು ತೆಗೆದುಕೊಳ್ಳುವುದು ಬಸ್ ಚಾರ್ಜು, ಎಲೆಅಡಿಕೆ ಮತ್ತು ಆ ಕಾಯಿ. ಕಾಯಿ ಮನೆಗೆ ಹೋದರೆ ಹೆಂಡತಿ ಚಲುವಮ್ಮ ಚಟ್ನಿ ಅರೆಯುತ್ತಾಳೆ. ನಲವತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಎಲ್ಲಿಂದಲೋ ಮಿಷಿನ್ನಿನವರು ಬಂದರು. ಹೊಲಕ್ಕೆ ವೈರು ಎಳೆದು, ಲ್ಯಾಪ್‌ಟಾಪಿನಲ್ಲಿ ಬಣ್ಣ ತೋರಿಸಿ ಪಾಯಿಂಟ್ ಮಾಡುತ್ತಿದ್ದರು. ಜನಕ್ಕೆ ಅದು ಹಿಡಿಸಿತು. ಒಂದು ದಿನ ಮುದ್ದಯ್ಯ ನಾಗಮಂಗಲದ ಕಡೆ ಎರಡು ಬಸ್ಸು ಬದಲಿಸಿ ಹೋದರೆ, ಹೊಲದ ಯಜಮಾನ ಗೇಟಿನಲ್ಲೇ ನಿಲ್ಲಿಸಿ, "ಬರಿ ಕಾಯಿ ಇಡ್ಕಂಡು ಬಂದ್ಬುಟ್ಟವ್ನೆ, ಮಿಷಿನ್ ಎಲ್ಲೈತೆ?" ಅಂದನಂತೆ. ಅಲ್ಲಿಂದ ವಾಪಸು ಬಂದವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನನ್ನ ಅಂಗಡಿಗೆ ಬಂದು, "ಲೇ ನಿಂಗ, ಒಂದು ಮಿಷಿನ್ ಕೊಡುಸ್ಲಾ" ಅಂದ.

ನಾನೇ ಕರೆದುಕೊಂಡು ಹೋದೆ. ಈಗ ಅದಕ್ಕೆ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಶ್ರೀರಂಗಪಟ್ಟಣದಲ್ಲಿ ಅಶೋಕ್ ಅನ್ನುವವನು ಹಳೆಯ ಮೊಬೈಲು, ಟೀವಿ, ಯುಪಿಎಸ್ಸು ಕೊಂಡು ಮಾರುತ್ತಾನೆ. ಅವನ ಶೋಕೇಸಿನಲ್ಲಿ ಅಂಗೈ ಅಗಲದ ಕರಿಯ ಪೆಟ್ಟಿಗೆಯೊಂದಿತ್ತು. ಬಣ್ಣದ ಪರದೆ, ಮೇಲೆ ಬೆರಳುದ್ದದ ಆಂಟೆನಾ. ಅಶೋಕ್ ಸುಳ್ಳು ಹೇಳುವವನಲ್ಲ. "ಇದು ವಿಮಾನದ ಜಿಪಿಎಸ್ಸು ಕಣಣ್ಣ. ಸಣ್ಣ ವಿಮಾನ ಓಡ್ಸೋರು ಜೊತೇಲಿ ಇಟ್ಕಂಡು ದಾರಿ ನೋಡ್ತಾರೆ. ಒಬ್ರು ಹಾರೋದು ಬುಟ್ಬುಟ್ಟು ಮಾರವ್ರೆ. ಬ್ಯಾಟ್ರಿ ಮಾತ್ರ ಹೋಗೈತೆ. ರಾತ್ರಿಯೆಲ್ಲ ಚಾರ್ಜಿಗ್ ಹಾಕುದ್ರೆ ಹನ್ನೊಂದು ನಿಮಿಷ ಉರೀತದೆ."

"ಹನ್ನೊಂದು ನಿಮಿಷ ಸಾಕು ಕಣಪ್ಪ. ಜನ ನೋಡಾಕೆ ತಾನೆ," ಅಂದ ಮುದ್ದಯ್ಯ. ಎಡಗೈಯಲ್ಲಿ ಮಿಷಿನ್ನು, ಬಲಗೈಯಲ್ಲಿ ಕಾಯಿ ಅನ್ನುವುದು ಅವನ ಲೆಕ್ಕಾಚಾರ. ಎಷ್ಟು ಕೊಟ್ಟ ಅನ್ನುವುದು ಚಲುವಮ್ಮನಿಗೆ ಇವತ್ತಿಗೂ ಗೊತ್ತಿಲ್ಲ, ಆದ್ದರಿಂದ ಇಲ್ಲೂ ಬರೆಯುವುದಿಲ್ಲ.

ಮೊದಲ ಪ್ರಯೋಗ ಕೆ.ಆರ್. ಪೇಟೆ ಹತ್ತಿರ ಶಿವಲಿಂಗಯ್ಯನ ಹೊಲದಲ್ಲಿ. ಲಾರಿ ನನ್ನದೇ, ಹಾಗಾಗಿ ನಾನೂ ಇದ್ದೆ. ಮಿಷಿನ್ನು ಆನಾಯಿತು. ಶಿವಲಿಂಗಯ್ಯ ಕನ್ನಡಕ ಏರಿಸಿ ಪರದೆ ನೋಡಿ ಬೆಚ್ಚಿಬಿದ್ದ.

"ಎಲ್ಡು ಸಾವ್ರದ ಏಳ್ನೂರ ಹನ್ನೆರಡು ಅಡಿ! ಅಷ್ಟು ಆಳುಕ್ಕೆ ಯಾವನ್ಲಾ ಕೊರುಸ್ತಾನೆ?"

"ಅದು ಆಳ ಅಲ್ಲ ಕಣಣ್ಣ, ಎತ್ರ. ಸಮುದ್ರದಿಂದ ನಾವು ಎಷ್ಟು ಮೇಲಿದೀವಿ ಅಂತ," ಅಂದೆ ನಾನು.

"ನನ್ನ ಹೊಲದ ಇಚಾರುಕ್ಕೆ ಸಮುದ್ರ ಯಾಕ್ ಬಂತು?"

ಅಷ್ಟರಲ್ಲಿ ಪರದೆ ಪೂರ್ತಿ ಕೆಂಪಾಯಿತು. ಇಂಗ್ಲಿಷಿನಲ್ಲಿ ಏನೋ ಬಂತು. ಓದಿದರೆ, ನೆಲ ತೀರಾ ಹತ್ತಿರದಲ್ಲಿದೆ ಹುಷಾರು, ಎಂದಿತ್ತು. ಬರಿಗಾಲಲ್ಲಿ ಹುರುಳಿ ಹೊಲದ ಮಧ್ಯೆ ನಿಂತವನಿಗೆ! ಮುದ್ದಯ್ಯ ಕಾಲು ನೋಡಿಕೊಂಡ. "ನೆಲ ಹತ್ರ ಇಲ್ದೆ ಇನ್ನೆಲ್ಲಿರ್ತದೆ?" ಅಂದು ಮುಂದಕ್ಕೆ ನಡೆದ. ಕಾಯಿ ಬದುವಿನ ಪಕ್ಕ ಎದ್ದು ನಿಂತಿತು. "ಇಲ್ಲಿ" ಅಂದ. ಯಾರೂ ಕಾಯಿ ನೋಡುತ್ತಿರಲಿಲ್ಲ. ಪೂರ್ತಿ ಹೊಲ ತೋರಿಸಿ ಅಂತ ಶಿವಲಿಂಗಯ್ಯ ಇನ್ನೂ ಇಪ್ಪತ್ತು ಹೆಜ್ಜೆ ನಡೆಸಿದ. ಹೊಂಗೆ ಮರದ ಕೆಳಗೆ ಬಂದಾಗ ಹನ್ನೊಂದು ನಿಮಿಷ ಮುಗಿದು ಮಿಷಿನ್ನು ಟಪ್ ಅಂತ ಆರಿಹೋಯಿತು.

"ಅಲ್ನೋಡು! ನೀರಿನ ಸೆಳೆತುಕ್ಕೆ ಆಫಾಗೋಯ್ತು! ಇದೇ ಪಾಯಿಂಟು!" ಎಂದು ಶಿವಲಿಂಗಯ್ಯ ಕಲ್ಲು ನೆಟ್ಟೇಬಿಟ್ಟ.

ಮುದ್ದಯ್ಯ ಬಾಯಿ ಬಡಿದುಕೊಂಡ. ಬ್ಯಾಟರಿ ಸತ್ತಿದ್ದು ಅಂದ, ಕಾಯಿ ಎದ್ದಿದ್ದು ಅಲ್ಲಿ ಅಂದ. ಶಿವಲಿಂಗಯ್ಯ ಕೇಳಲಿಲ್ಲ. ಕೊರೆದೆವು. ಇನ್ನೂರ ಎಂಬತ್ತು ಅಡಿಗೆ ಎರಡೂವರೆ ಇಂಚು ನೀರು ಬಂತು. ಅವತ್ತು ಮುದ್ದಯ್ಯನ ಮುಖ ನೋಡಬೇಕಿತ್ತು. ನೀರು ಬಂದರೂ ಅಷ್ಟು ಸೋತುಹೋದ ಪಾಯಿಂಟಿನವನನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಸುದ್ದಿ ಹಬ್ಬಿತು. ನೀರು ಕಂಡರೆ ಆಫಾಗುವ ವಿಮಾನದ ಮಿಷಿನ್ನು! ಪಾಲಹಳ್ಳಿಯಿಂದ ಕರೆ, ತೊಣ್ಣೂರಿನಿಂದ ಕರೆ. ಪಾಲಹಳ್ಳಿಯವರಿಗೆ ಪಕ್ಕದಲ್ಲೇ ಕನ್ನಂಬಾಡಿ ಕಟ್ಟೆ ಇದೆ, ಅವರಿಗೆ ಬೋರ್ ಯಾಕೆ ಬೇಕಿತ್ತೋ ದೇವರಿಗೇ ಗೊತ್ತು. ನನ್ನ ಲಾರಿಗಳಿಗೆ ಬಿಡುವಿಲ್ಲದ ಕೆಲಸ ಸಿಕ್ಕಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ತೊಣ್ಣೂರಿನಲ್ಲಿ ದೇವರಾಜು ಎಂಬ ಯಜಮಾನ ತನ್ನ ಹೊಲ ತಲುಪುವ ತನಕ ಬ್ಯಾಟರಿ ಉಳಿಯಲಿ ಅಂತ ಮುದ್ದಯ್ಯನನ್ನು ಬೈಕಿನಲ್ಲಿ ಕೂರಿಸಿಕೊಂಡು ಹಾರಿಸಿದ. ಆದರೂ ಪಕ್ಕದವನ ಗದ್ದೆ ದಾಟುವಾಗಲೇ ಆರಿತು. ಪಕ್ಕದವನು ಓಡಿಬಂದು ಕೈಮುಗಿದು ಅಲ್ಲೇ ಕೊರೆಸಿದ. ದೇವರಾಜು ಅವನ ಜೊತೆ ಇನ್ನೂ ಮಾತು ಬಿಟ್ಟಿದ್ದಾನೆ. ಬರಬರುತ್ತ ಬ್ಯಾಟರಿ ಹನ್ನೊಂದರಿಂದ ಒಂಬತ್ತು, ಒಂಬತ್ತರಿಂದ ಆರು ನಿಮಿಷಕ್ಕೆ ಇಳಿಯಿತು. ಪಾಯಿಂಟುಗಳು ಹೊಲದ ನಡುವಿನಿಂದ ಗೇಟಿನ ಕಡೆಗೆ, ಗೇಟಿನಿಂದ ಮನೆಯ ಕಡೆಗೆ ಸರಿದವು. ನೀರು ಮನೆ ಬಾಗಿಲಿಗೇ ಬರುತ್ತಿದೆ ಅಂತ ಜನ ಖುಷಿಪಟ್ಟರು. ಒಬ್ಬನಂತೂ ಅಡುಗೆಮನೆಯಲ್ಲಿ ಆರಿತು ಅಂತ ಒಲೆ ಕೀಳಿಸಲು ಹೊರಟಿದ್ದ, ಅವನ ಹೆಂಡತಿ ಸೌಟು ಹಿಡಿದು ನಿಂತದ್ದರಿಂದ ಮನೆ ಉಳಿಯಿತು. ಅರ್ಧಕ್ಕರ್ಧ ಬೋರು ಫೇಲಾದವು. ಫೇಲಾದರೆ, ಚಾರ್ಜು ಸರಿಯಾಗಿ ಹಾಕಿರಲಿಲ್ಲವೇನೋ ಅಂತ ಜನವೇ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಪ್ರತಿ ಸಲವೂ ಮುದ್ದಯ್ಯ ಕಾಯಿ ಎದ್ದ ಜಾಗ ತೋರಿಸುತ್ತಿದ್ದ. ಪ್ರತಿ ಸಲವೂ ಯಾರೂ ಆ ಕಡೆ ತಿರುಗುತ್ತಿರಲಿಲ್ಲ. "ಸಾಕು ಬುಡು, ಇದ್ನ ಬಿಸಾಕು" ಅಂತ ನಾನೊಮ್ಮೆ ಅಂದಾಗ ಅವನು ಹೇಳಿದ: "ಬಿಸಾಕುದ್ರೆ ಕರಿಯಾದೂ ಇಲ್ಲ ಕಣ್ಲಾ. ಇದ್ರ ಜೊತೇಲಾದ್ರೂ ಹೊಲುಕ್ ಬುಡ್ತಾವ್ರೆ." ಅದನ್ನು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು.

ಬ್ಯಾಟರಿ ಊದಿಕೊಂಡಿತು. ಹಿಂಬದಿಯ ಮುಚ್ಚಳ ಕೂರದೆ ರಬ್ಬರ್ ಬ್ಯಾಂಡ್ ಹಾಕಿದರು. ಥಂಡಿ ಹಿಡಿದಿರಬೇಕು ಅಂತ ಚಲುವಮ್ಮ ಅದನ್ನು ಎರಡು ದಿನ ರಾಗಿ ಮೂಟೆಯಲ್ಲಿ ಹೂತಿಟ್ಟಳು. ಮೊಮ್ಮಗಳು ಅಕ್ಷಿತಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾಳೆ. ರಜಕ್ಕೆ ಬಂದವಳು ಇದನ್ನು ನೋಡಿ, "ತಾತ, ಇದು ಸಿಡ್ದೋಗ್ತದೆ" ಅಂತ ಹೆದರಿ, ಎಲ್ಲಿಂದಲೋ ಹೊಸ ಬ್ಯಾಟರಿ ತರಿಸಿ ಹಾಕಿಕೊಟ್ಟಳು. ಮಿಷಿನ್ನು ಈಗ ಆರು ಗಂಟೆ ಉರಿಯುತ್ತಿತ್ತು. ಮೊಮ್ಮಗಳ ಮನಸ್ಸು ನೋಯಿಸಬಾರದು ಅಂತ ಮುದ್ದಯ್ಯ ಅದನ್ನೇ ಚೀಲಕ್ಕೆ ಹಾಕಿಕೊಂಡ.

ಮಾರನೆಯ ದಿನವೇ ನಾಗಮಂಗಲದ ಹತ್ತಿರ ಜಯಲಕ್ಷ್ಮಮ್ಮನ ಹೊಲ. ಆಕೆ ಹಸು ಸಾಕಿ ಡೇರಿಗೆ ಹಾಲು ಹಾಕುವ ಗಟ್ಟಿ ಹೆಂಗಸು. ಬೆಳಿಗ್ಗೆ ಎಂಟಕ್ಕೆ ನಡೆಯಲು ಶುರು. ಒಂಬತ್ತಾಯಿತು, ಹತ್ತಾಯಿತು, ಮಿಷಿನ್ನು ಆರಲೇ ಇಲ್ಲ. ಹಿಂದೆ ಮೂವತ್ತು ಜನ. ಮೈಸೂರು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯನ್ನು ಅದು ಒಂದೇ ಸಮನೆ ತೋರಿಸುತ್ತಿತ್ತು. ಕಾಯಿ ಮಾತ್ರ ಬಾರೆಗಿಡದ ಪಕ್ಕ ಮೂರು ಸುತ್ತಿನಲ್ಲೂ ಎದ್ದು ನಿಂತಿತು. ಹನ್ನೊಂದಕ್ಕೆ ಜಯಲಕ್ಷ್ಮಮ್ಮ ಬದುವಿನ ಮೇಲೆ ಕುಸಿದು ಕೂತಳು.

"ಆಫ್ ಆಗ್ನಿಲ್ಲ ಅಂದ್ರೆ ನಮ್ಮೊಲದಲ್ಲಿ ನೀರೇ ಇಲ್ಲ ಕಣಣ್ಣ. ಲಾರಿ ವಾಪಸ್ ಕಳ್ಸಿ."

ನಾನು ಮುದ್ದಯ್ಯನ ಕಿವಿಯಲ್ಲಿ, "ಬಾರೆಗಿಡದತ್ರ ನಿಂತ್ಕಂಡು ಬಟನ್ ಒತ್ತಣ್ಣ, ಯಾರಿಗೂ ಗೊತ್ತಾಗಾಕಿಲ್ಲ" ಅಂದೆ.

ಅವನು ನನ್ನನ್ನು ನೋಡಿದ ನೋಟಕ್ಕೆ ನಾನು ತಲೆ ತಗ್ಗಿಸಿದೆ. "ನಲ್ವತ್ತು ವರ್ಸ ಸುಳ್ಳೇಳಿಲ್ಲ ಕಣ್ಲಾ, ಬ್ಯಾಟ್ರಿಗೋಸ್ಕರ ಏಳ್ಬೇಕಾ?" ಅಂದು, ಉರಿಯುತ್ತಿದ್ದ ಮಿಷಿನ್ನನ್ನು ನನ್ನ ಕೈಗೆ ತುರುಕಿ, ಬಾರೆಗಿಡದ ಪಕ್ಕ ಹೋಗಿ ನಿಂತ. ಎಲ್ಲರಿಗೂ ಕೇಳುವಂತೆ ಹೇಳಿದ: "ಜಯಮ್ಮ, ಇದು ವಿಮಾನದ್ದು. ನೀರು ಗೊತ್ತಿಲ್ಲ ಇದುಕ್ಕೆ. ಇಷ್ಟು ದಿನ ಆಫಾಗ್ತಿದ್ದುದ್ದು ಬ್ಯಾಟ್ರಿ ಕೆಟ್ಟು. ನೀರು ಇಲ್ಲೈತೆ, ನಾನು ಏಳ್ತಾ ಇವ್ನಿ. ಬರ್ದೆ ಇದ್ರೆ ಇವತ್ತಿಂದ ನಾನು ಕಾಯಿ ಮುಟ್ಟಾಕಿಲ್ಲ."

ಜನ ಗುಸುಗುಸು ಅಂದರು. ಜಯಲಕ್ಷ್ಮಮ್ಮ ಅವನನ್ನೇ ನೋಡಿದಳು, ಆಮೇಲೆ ನನ್ನ ಕೈಯ ಮಿಷಿನ್ನು ನೋಡಿದಳು. "ಆಯ್ತು ಕೊರೀರಿ" ಅಂದಳು.

ನೂರು ಅಡಿ, ಬರೀ ದೂಳು. ಇನ್ನೂರು ಅಡಿ, ದೂಳು. ಮುದ್ದಯ್ಯನ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಯಿತು. ಅವನು ಅಲ್ಲಾಡಲಿಲ್ಲ. ದೇವರನ್ನು ನಂಬದ ನಾನು ನಾಲ್ಕು ತಾಲ್ಲೂಕಿನ ಅಷ್ಟೂ ದೇವರುಗಳ ಹೆಸರು ಹೇಳಿಕೊಂಡೆ. ಮುನ್ನೂರ ಹತ್ತಕ್ಕೆ ದೂಳು ಒದ್ದೆಯಾಯಿತು, ಕೆಸರಾಯಿತು, ಆಮೇಲೆ ಮೂರಿಂಚು ನೀರು ಆಳೆತ್ತರಕ್ಕೆ ಚಿಮ್ಮಿತು.

ಬೋರಿನ ಮೊದಲ ಚೊಂಬು ನೀರನ್ನು ಪಾಯಿಂಟ್ ಮಾಡಿದವನ ಕೈಗೆ ಹೊಯ್ಯುವುದು ನಮ್ಮ ಕಡೆಯ ಪದ್ಧತಿ. ಜಯಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಚೊಂಬು ತುಂಬಿ ತಂದಳು. ಮುದ್ದಯ್ಯ ಬಲಗೈ ಚಾಚಿದ. ಆಕೆ ಅವನನ್ನು ದಾಟಿ ಬಂದು, ಕಣ್ಣು ಮುಚ್ಚಿ, "ಕಾಪಾಡ್ದೆ ನಮ್ಮಪ್ಪ" ಎಂದು ಇಡೀ ಚೊಂಬನ್ನು ನನ್ನ ಕೈಯಲ್ಲಿದ್ದ ಮಿಷಿನ್ನಿನ ಮೇಲೆ ಸುರಿದಳು.

ಮಿಷಿನ್ನು ಟಪ್ ಅಂತ ಆರಿತು.

"ಆಫಾಯ್ತು! ಆಫಾಯ್ತು! ನೀರೈತೆ ಅಂತ ಈಗ ಏಳ್ತು ನೋಡಿ!" ಎಂದು ಜನ ಕೂಗಿದರು. ಯಾರೋ ಕುಂಕುಮ ತಂದರು. ಎಲ್ಲರೂ ನನ್ನನ್ನು ಮುತ್ತಿಕೊಂಡು ಮಿಷಿನ್ನಿಗೆ ಕೈಮುಗಿಯುತ್ತಿದ್ದರು. ಜನರ ತಲೆಗಳ ಆಚೆ ಮುದ್ದಯ್ಯ ಒಬ್ಬನೇ ನಿಂತಿದ್ದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮರೆತಿದ್ದ. ಅಂಗೈಯಲ್ಲಿ ಬಿಳಿ ದೂಳು ಹಾಗೇ ಇತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಮಿಷಿನ್ನನ್ನು ಯಾರದೋ ಕೈಗೆ ಎಸೆದು, ಜಯಲಕ್ಷ್ಮಮ್ಮನ ಚೊಂಬು ಕಿತ್ತುಕೊಂಡು, ಬೋರಿನ ಬಾಯಿಗೆ ಹಿಡಿದು ತುಂಬಿಸಿ ತಂದು ಅವನ ಅಂಗೈಗೆ ಹೊಯ್ದೆ. ಅವನು ಕೆಸರು ಕೆಸರಾಗಿದ್ದ ಆ ನೀರನ್ನು ಒಂದು ಗುಟುಕು ಕುಡಿದ.

"ಸೀನೀರು ಕಣ್ಲಾ ನಿಂಗ," ಅಂದ. "ಇನ್ನೊಂದೀಟು ಉಯ್ಯಿ."