ಅಕ್ಕನಿಗೆ ಕುಡಿಸಿದ ಗ್ಲೂಕೋಸ್ ನೀರು

ಅಕ್ಕಾ, ಬಳ್ಳಾರಿಯ ಡಾಕ್ಟರು ಹೇಳಿದ ಒಂದು ಮಾತನ್ನು ನಾನು ನಿನಗೆ ಹೇಳಲಿಲ್ಲ. ಮರೆತು ಅಲ್ಲ — ಬೇಕೆಂದೇ ಮುಚ್ಚಿಟ್ಟೆ.

ನಿನ್ನ ದೊಡ್ಡ ಕರುಳನ್ನು ಪೂರ್ತಿ ತೆಗೆದ ಮೇಲೆ, ಮನೆಗೆ ಕಳಿಸುವ ದಿನ ಅವರು ನನ್ನೊಬ್ಬನನ್ನೇ ಒಳಗೆ ಕರೆದಿದ್ದರು. ಆ ಕರುಳು ಬರೀ ಮಲ ಕೂಡಿಡುವ ಚೀಲವಲ್ಲವಂತೆ. ಉಂಡ ಮೇಲೆ ರಕ್ತಕ್ಕೆ ಕೆಲವು ಹಾರ್ಮೋನು ಬಿಡುತ್ತದಂತೆ, ಅವು ಇನ್ಸುಲಿನ್‌ಗೆ ಒತ್ತಾಸೆಯಂತೆ. ಅದಿಲ್ಲದಿದ್ದರೆ ಕೆಲವರಿಗೆ ಸಕ್ಕರೆ ಏರಬಹುದಂತೆ. "ಆಗಾಗ ಶುಗರ್ ನೋಡಿಸ್ರಿ. ಸುಸ್ತು, ಬಾಯಾರಿಕೆ ಅಂದ್ರ ತಡ ಮಾಡಬ್ಯಾಡ್ರಿ" ಎಂದರು.

ಕರುಳಿಗೂ ಸಕ್ಕರೆಗೂ ಎತ್ತಣ ಸಂಬಂಧ? ಎಸ್ಸೆಸ್ಸೆಲ್ಸಿ ಓದಿದ ನನ್ನ ತಲೆಗೆ ಹೋಗಲಿಲ್ಲ. ಹೊರಗೆ ನೀನು ನನ್ನ ಮುಖವನ್ನೇ ನೋಡುತ್ತಿದ್ದೆ.

"ಏನಂದ್ರಲೇ ತಮ್ಮಾ? ಇನ್ನೊಂದು ರೋಗ ಹೇಳಿದ್ರ ಇಲ್ಲೇ ಬಿಟ್ಟು ಬಾ. ಬಸ್ಸಿನ್ಯಾಗ ಅದಕ್ಕ ಬ್ಯಾರೆ ಟಿಕೀಟ್ ತಗೀಬೇಕಾಗ್ತೈತಿ."

ನಾನು ನಕ್ಕುಬಿಟ್ಟೆ. "ಏನೂ ಇಲ್ಲಕ್ಕ. ಚಲೋತ್ನಾಗ ಉಣ್ಣಾಕ ಹೇಳ್ಯಾರ."

ಸಿರುಗುಪ್ಪದಿಂದ ಕುರುಗೋಡಿಗೆ, ನಿನ್ನ ಮನೆಗೆ, ಬಂದಾಗಲೆಲ್ಲ ನೀನು ಸೋತು ಮಲಗಿರುತ್ತಿದ್ದೆ. ಬಾಯಿ ಒಣಗುತ್ತದೆ ಎನ್ನುತ್ತಿದ್ದೆ. ಪದೇ ಪದೇ ಭೇದಿ, ಮೇಲೆ ನಮ್ಮ ಸೀಮೆಯ ಬಿಸಿಲು — ಅದಕ್ಕೇ ಇರಬೇಕು ಅಂದುಕೊಂಡೆ. ಸುಸ್ತಾದವರಿಗೆ ನಮ್ಮ ಕಡೆ ಕೊಡುವುದೇನು? ಗ್ಲೂಕೋಸ್ ಪುಡಿ. ಡಬ್ಬಿ ತಂದು, ದೊಡ್ಡ ಲೋಟದಲ್ಲಿ ಕಲಸಿ, ಕೈಯಾರೆ ಕುಡಿಸಿದೆ. "ಜೀವ ಬಂತಲೇ" ಎನ್ನುತ್ತಿದ್ದೆ ನೀನು. ಮತ್ತೆ ಬಾಯಾರಿಕೆ. ಮತ್ತೆ ನಾನು —

ನೀನು ಅಂಜಬಾರದೆಂದು ಸುಮ್ಮನಿದ್ದೆನೇ? ಡಾಕ್ಟರ ಮಾತು ನಂಬದೆಯೇ? ಇಲ್ಲಾ, ನಿನ್ನನ್ನು ಮೇಲಿಂದ ಮೇಲೆ ಬಳ್ಳಾರಿಗೆ ಕರೆದೊಯ್ಯುವುದು ಬೇಸರವಾಗಿ... ಇದೇ ನಿಜವಿದ್ದರೆ?

ವರ್ಷಗಳು ಕಳೆದವು. ಈಗ ಸಕ್ಕರೆ ಏರಿ, ಕಾಲಿನ ಹುಣ್ಣು ಮಾಯದೆ ನಿನ್ನ ಎರಡು ಬೆರಳು ತೆಗೆದಿದ್ದಾರೆ. ಮೊನ್ನೆ ಈ ಆಸ್ಪತ್ರೆಯ ಹೊಸ ಡಾಕ್ಟರು, "ಶುಗರ್ ಬಗ್ಗೆ ಮೊದ್ಲು ಯಾರೂ ಹೇಳಿದ್ದಿಲ್ಲೇನಮ್ಮಾ?" ಎಂದು ಕೇಳಿದರು.

"ಇಲ್ರಿ. ಹೇಳಿದ್ರ ನನ್ ತಮ್ಮ ಸುಮ್ನ ಬಿಡ್ತಿದ್ದಿಲ್ರಿ. ನಾನೇ ಬಾಯಿ ಕಟ್ಟಲಿಲ್ಲ" ಎಂದೆ ನೀನು.

ನಾನು ನಿನ್ನ ಮಂಚದ ಪಕ್ಕದಲ್ಲೇ ನಿಂತಿದ್ದೆ, ಅಕ್ಕಾ.

ಈ ಸಕ್ಕರೆ ಕರುಳು ಹೋದದ್ದರಿಂದ ಬಂತೋ, ನಾನು ಕುಡಿಸಿದ್ದರಿಂದ ಬಲಿಯಿತೋ, ವಯಸ್ಸಿನದೋ — ಇವತ್ತಿಗೂ ನನಗೆ ತಿಳಿಯುತ್ತಿಲ್ಲ. ಡಾಕ್ಟರಿಗಾದರೂ ತಿಳಿದೀತೋ ಇಲ್ಲವೋ. ಆದರೆ ನಿನಗೆ ಹೇಳಬೇಕಾಗಿದ್ದವನು ನಾನು, ಹೇಳಲಿಲ್ಲ, ಇದರಲ್ಲಿ ಗೊಂದಲವಿಲ್ಲ.

ನಾಳೆ ಡಾಕ್ಟರು ಬರುವ ಹೊತ್ತಿಗೆ ಬರುತ್ತೇನೆ. ಅವರ ಎದುರಿಗೇ ಹೇಳುತ್ತೇನೆ. ನೀನು ಏನಾದರೂ ಅನ್ನು, ಇಲ್ಲವೇ ಗೋಡೆಯ ಕಡೆ ತಿರುಗಿ ಮಲಗು. ನನ್ನ ತಪ್ಪನ್ನು ನಿನ್ನದೆಂದುಕೊಂಡು ಮಾತ್ರ ನೀನು ಮನೆಗೆ ಹೋಗಬಾರದು.