ಹೊಸಿಲು ದಾಟಿದ ಹೆಸರು

ಅಶ್ವತ್ಥಮ್ಮ ಕೆಂಚಾರ್ಲಹಳ್ಳಿಗೆ ಸೊಸೆಯಾಗಿ ಬಂದ ದಿನವೇ ಅವಳ ಹೆಸರು ಹೋಯಿತು. ಅತ್ತೆಯ ಹೆಸರೂ ಅಶ್ವತ್ಥಮ್ಮ. ಹೆತ್ತ ತಾಯಿಯ ಹೆಸರು ಹಿಡಿದು ಗಂಡನಾದವನು ಹೆಂಡತಿಯನ್ನು ಕೂಗುವುದುಂಟೆ, ಗದರುವುದುಂಟೆ? ಹಸೆಮಣೆಯಿಂದ ಏಳುವ ಮೊದಲೇ ಹಿರಿಯರು ಅವಳನ್ನು ಶ್ಯಾಮಲಮ್ಮ ಮಾಡಿದರು. ಮುನಿಗಂಗಪ್ಪನ ಮಗಳು ಅಶ್ವತ್ಥಮ್ಮ ಎಂಬ ಹಳೆಯ ಹೆಸರು ಉಳಿದದ್ದು ಟ್ರಂಕಿನ ತಳದಲ್ಲಿದ್ದ, ಎಲ್ಲೆಸ್ ಎಂಬ ಲೋಯರ್ ಸೆಕೆಂಡರಿ ಪರೀಕ್ಷೆ ಪಾಸಾದ ಸರ್ಟಿಫಿಕೇಟಿನಲ್ಲಿ ಮಾತ್ರ.

ಯಾವುದು ಹೊಸಿಲು ದಾಟಬಾರದು ಎಂಬುದರಲ್ಲಿ ಆ ಮನೆ ಬಲು ಕಟ್ಟುನಿಟ್ಟು. ಬಾಚುವಾಗ ಉದುರಿದ ಕೂದಲನ್ನು ಅತ್ತೆ ಸುರುಳಿ ಸುತ್ತಿ, ಥೂ ಎಂದು ಉಗಿದು, ಹಿತ್ತಲಲ್ಲಿ ಹೂಳುತ್ತಿದ್ದಳು. ಕತ್ತರಿಸಿದ ಉಗುರು, ಕೂಸಿನ ಹಳೆಯ ಬಟ್ಟೆ, ಯಾವುದೂ ಪರರ ಕೈಗೆ ಸಿಗಬಾರದು. ಸಿಕ್ಕರೆ ಮಾಟ ಮಾಡಿಸುತ್ತಾರೆ. ಸೊಸೆಯ ತವರಿನ ಅಜ್ಜಿ ಪೆದ್ದಮ್ಮ ಕಾಗದವನ್ನೂ ಆ ಸಾಲಿಗೆ ಸೇರಿಸಿದ್ದಳು. "ಹೆಸರಿರೋ ಕಾಗದಾನ ಬೀದಿಗೆ ಬಿಸಾಕಬಾರದು ಕಣೇ. ಹರಿದ್ರೆ ಸಾಲ್ದು, ಹರಿದಿದ್ದನ್ನ ಜೋಡಿಸ್ತಾರೆ. ನೆನೆಹಾಕು, ಮೆಂತ್ಯ ಸೇರಿಸಿ ಕುಟ್ಟು, ಮೊರಕ್ಕೆ ಮೆತ್ತು. ಆಮೇಲೆ ಯಾರು ಓದ್ತಾರೋ ಓದ್ಲಿ."

ಸೊಸೆ ವರ್ಷಕ್ಕೊಮ್ಮೆ ಹಾಗೆಯೇ ಮಾಡುತ್ತಿದ್ದಳು. ಮಿಕ್ಕ ದಿನಗಳಲ್ಲಿ ರೇಷ್ಮೆಹುಳ ಇದ್ದೇ ಇತ್ತು. ಹಿಪ್ಪುನೇರಳೆ ತೋಟದಿಂದ ಸೊಪ್ಪು ತಂದು, ಹೆಚ್ಚಿ, ತಟ್ಟೆತಟ್ಟೆಗೂ ಹಾಕಿ, ಕಸ ತೆಗೆದು, ಮತ್ತೆ ಸೊಪ್ಪಿಗೆ ಹೋಗಬೇಕು. ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೊರಡುವಾಗ ಮಾತ್ರ ಗಂಡ ವೆಂಕಟರಾಮಪ್ಪ ಬಿಳಿ ಪಂಚೆ ಉಡುತ್ತಿದ್ದ. 'ವೆಂಕಟರಾಮಪ್ಪನ ಬೆಳೆ ಚೆನ್ನಾಗಿ ಬಂತು' ಎಂದು ಊರು ಹೇಳುತ್ತಿತ್ತು.

ಅರವತ್ತನಾಲ್ಕನೇ ಇಸವಿಯಲ್ಲಿ ಊರಿಗೆ ಪುಟ್ಟ ಮಕ್ಕಳ ಬಾಲವಾಡಿ ಬರುವುದೆಂದಾಯಿತು. ಪಾಠ ಹೇಳಲು ಎಲ್ಲೆಸ್ ಪಾಸಾದ ಹೆಂಗಸು ಬೇಕಾಗಿದ್ದಾಳೆ ಎಂದು ಗ್ರಾಮಸೇವಿಕೆ ಗಂಗುಲಮ್ಮ ಬಾಗಿಲಿಗೇ ಬಂದು ಹೇಳಿದರು. ಸೊಸೆ ಒದ್ದೆ ಕೈ ಒರೆಸಿಕೊಂಡು ಓಡಿಹೋಗಿ ಟ್ರಂಕು ತೆಗೆದಳು. ಸೀರೆಗಳಿದ್ದವು. ಕಾಗದವಿರಲಿಲ್ಲ.

"ಅತ್ತೇ, ಇದರಲ್ಲಿದ್ದ ಕಾಗದ?"

"ಹೋದ ಸಲ ಹುಳದ ಮನೆ ತೊಳೆದ್ವಲ್ಲ... ಅಲ್ಲ, ಅದಕ್ಕೂ ಮುಂಚೆ, ನಿನ್ನ ಮಗಳು ಅಮ್ಮಾಜಿ ಇನ್ನೂ ಅಂಬೆಗಾಲಿಡ್ತಿದ್ಲು. ಬಯ್ಯಪ್ಪ ಬಂದಿದ್ದ ನೋಡು, ಬಾಚಣಿಗೆ ಪಿನ್ನು ಮಾರೋನು. ಕೂದಲು ಕೊಡಮ್ಮಾ ಅಂದ. ಕೂದಲು ಕೊಟ್ಟು ಮಾಟ ಮಾಡಿಸ್ಕೊಳ್ಳಕ್ಕೆ ನಾನೇನು ದಡ್ಡೀನಾ? ಹಳೇ ಕಾಗದ ಕೊಟ್ಟೆ. ಒಂದೊಂದೂ ಬಿಡಿಸಿ ನೋಡ್ದ. ನಿಂದು ಸಿಕ್ಕಾಗ ಒಂದು ಬಾಚಣಿಗೆ ಹೆಚ್ಚಿಗೇನೇ ಕೊಟ್ಟ ಕಣೇ!"

ಆ ಬಾಚಣಿಗೆಯಿಂದಲೇ ಸೊಸೆ ದಿನವೂ ತಲೆ ಬಾಚಿಕೊಳ್ಳುತ್ತಿದ್ದಳು.

ಇನ್ನೊಂದು ಪ್ರತಿ ತರಿಸೋಣವೆಂದು ಗಂಗುಲಮ್ಮ ಮೇಲಿನ ಕಚೇರಿಗೆ ಬರೆದರು. ಉತ್ತರ ಹೇಳಲು ಬಂದ ಗಂಗುಲಮ್ಮ ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತರು. "ಮುನಿಗಂಗಪ್ಪನ ಮಗಳು ಅಶ್ವತ್ಥಮ್ಮ ಆಗ್ಲೇ ಕೆಲಸದಲ್ಲಿದ್ದಾರಂತಮ್ಮ. ನಗರಗೆರೆಯ ಆಚೆ ಒಂದು ಹಳ್ಳೀಲಿ. ಅದೇ ಊರು, ಅದೇ ಸ್ಕೂಲು, ಹುಟ್ಟಿದ ತಾರೀಖೂ ಅದೇ. ನೀವು ಯಾರು ಅಂತ ಕೇಳಿದಾರೆ."

ಆ ರಾತ್ರಿ ಹುಳಕ್ಕೆ ಸೊಪ್ಪು ಹಾಕುತ್ತಾ ಸೊಸೆ ಅದನ್ನೇ ಯೋಚಿಸಿದಳು. ಕಂಡರಿಯದ ಹೆಂಗಸೊಬ್ಬಳು ಎಲ್ಲೋ ತನ್ನಪ್ಪನನ್ನು ಅಪ್ಪನೆನ್ನುತ್ತಿದ್ದಾಳೆ, ತನ್ನ ಹೆಸರು ಕೂಗಿದರೆ ತಿರುಗಿ ನೋಡುತ್ತಿದ್ದಾಳೆ. ನಾಳೆ ಅವಳು ಕದ್ದರೆ ಕಳ್ಳಿ ಯಾರು? ಸತ್ತರೆ ಸತ್ತವಳು ಯಾರು?

ಗಂಗುಲಮ್ಮ ಪಟ್ಟು ಬಿಡದೆ ಬರೆದದ್ದರಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಜಗಲಿಯ ಮೇಲೆ ಕುಳಿತು, ಸೊಸೆ ಕಾಸಿದ ಕಾಫಿ ಕುಡಿದು ಕೇಳಿದ:

"ಇಲ್ಲಿ ಅಶ್ವತ್ಥಮ್ಮ ಯಾರು?"

ಅತ್ತೆ ಸೆರಗು ಸರಿಮಾಡಿಕೊಂಡಳು. "ನಾನೇ ಸ್ವಾಮಿ."

"ಎಲ್ಲೆಸ್ ಪಾಸು ಮಾಡಿರೋದು ನೀವಾ?"

ಪಕ್ಕದ ಮನೆಯ ಎರ್ರಪ್ಪ ನಕ್ಕ. "ಆಯಮ್ಮ ಪಾಸು ಮಾಡಿರೋದು ಸೊಸೇನ ಗೋಳು ಹುಯ್ಕೊಳ್ಳೋದ್ರಲ್ಲಿ ಸ್ವಾಮಿ!"

ಸೊಸೆ ಬಾಗಿಲಿಂದ ಈಚೆ ಬಂದಳು. "ನಾನು ಸ್ವಾಮಿ. ಅಶ್ವತ್ಥಮ್ಮ ನಾನು." ಎಷ್ಟೋ ವರ್ಷದ ಮೇಲೆ ಆಡಿದ ಆ ಹೆಸರು ಅವಳ ಬಾಯಿಗೇ ಹೊಸದೆನ್ನಿಸಿತು.

"ಹಾಗಂತ ಹೇಳೋರು ಯಾರಿದಾರೆ?"

ಅಪ್ಪನೂ ಅಜ್ಜಿಯೂ ತೀರಿಕೊಂಡಿದ್ದರು. ಓದಿಸಿದ ಮೇಷ್ಟ್ರು ಎಲ್ಲಿಗೋ ವರ್ಗವಾಗಿದ್ದರು. ಅಧಿಕಾರಿ ವೆಂಕಟರಾಮಪ್ಪನ ಕಡೆ ತಿರುಗಿದ. "ನೀವೇ ಹೇಳ್ರಿ. ಮದುವೇಲಿ ಲಗ್ನಪತ್ರಿಕೆ ಓದಿದಾಗ ಹೆಣ್ಣಿನ ಹೆಸರು ಏನಿತ್ತು?"

ವೆಂಕಟರಾಮಪ್ಪ ಹುಳದ ಮನೆಯತ್ತ ನೋಡಿದ. ಹುಳ ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದಿತ್ತು. ಹಗಲೂ ಇರುಳೂ ತಿನ್ನುವ ಹೊತ್ತು ಅದು. ಒಳಗಿಂದ ಹುಳಗಳು ಸೊಪ್ಪು ಕತ್ತರಿಸುವ ಸಣ್ಣ ಸದ್ದು ಬಿಡದೆ ಕೇಳುತ್ತಿತ್ತು.

"ಶ್ಯಾಮಲಮ್ಮ ಅಂತ ಸ್ವಾಮಿ. ಬೇರೆ ಹೆಸರು ನಂಗೆ ನೆನಪಿಲ್ಲ."

ಅಧಿಕಾರಿ ಅದನ್ನೇ ಬರೆದುಕೊಂಡು ಹೋದ.

"ನೆನಪಿಲ್ವಾ?" ಎಂದಳು ಅವಳು, ಜಗಲಿ ಖಾಲಿಯಾದ ಮೇಲೆ.

"ನೀನು ಮಕ್ಕಳಿಗೆ ಪಾಠ ಹೇಳಕ್ಕೆ ಹೋದ್ರೆ ಸೊಪ್ಪು ಹಾಕೋರು ಯಾರೇ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ. ಬಯ್ಯಪ್ಪ ಕಾಗದ ಒಯ್ದಿದ್ದ. ಹೆಸರನ್ನು ಕೊಟ್ಟು ಕಳಿಸಿದವನು ಇವನು.

ಆಮೇಲೆ ಅವಳು ಮನೆಯಲ್ಲಿ ಅಕ್ಷರವಿರುವ ಚೂರು ಸಿಕ್ಕರೂ ನೀರಿಗೆ ಹಾಕಿದಳು. ಮಗಳ ಸ್ಕೂಲಿನ ಕಾಗದವನ್ನು ತನ್ನ ರವಿಕೆಯ ಒಳಗೆ ಜೇಬು ಹೊಲಿದು ಇಟ್ಟುಕೊಂಡಳು. ಬೆವರಿಗೆ ಒದ್ದೆಯಾಗದಿರಲೆಂದು ಬಾಳೆಯ ಒಣಗಿದ ಎಲೆ ಸುತ್ತಿದಳು.

ಬೇಸಿಗೆಯ ಒಂದು ಬೆಳಿಗ್ಗೆ ಹಿತ್ತಲಲ್ಲಿ ಕೂತು ಮೆಂತ್ಯದ ಜೊತೆ ಕಾಗದ ಕುಟ್ಟುತ್ತಿದ್ದಳು. ಬೀದಿ ಬಾಗಿಲಲ್ಲಿ ದನಿ ಕೇಳಿತು. "ಪಿನ್ನೂ, ಬಾಚಣಿಗೇ!" ಒನಕೆ ನಿಂತಿತು.

"ಏಮ್ಮಾ ಬಂಗಾರು, ಎಷ್ಟು ಉದ್ದ ಬೆಳ್ದಿದೀಯ! ಸ್ಕೂಲಿಗೆ ಹೋಗ್ತೀಯಾ?" ಬಯ್ಯಪ್ಪ ಕೇಳುತ್ತಿದ್ದ. "ನಿನ್ನ ಹೆಸರೇನಮ್ಮಾ?"

ಇನ್ಸ್‌ಪೆಕ್ಟರ್ ಬಂದಾಗ ಹೇಳಬೇಕೆಂದು ಮೇಷ್ಟ್ರು ಕಲಿಸಿದ್ದನ್ನು ಮಗಳು ಕೈಕಟ್ಟಿ ನಿಂತು, ಗಟ್ಟಿ ದನಿಯಲ್ಲಿ ಒಪ್ಪಿಸತೊಡಗಿದಳು: "ನನ್ನ ಹೆಸರು ಅಮ್ಮಾಜಮ್ಮ. ತಂದೆಯ ಹೆಸರು ವೆಂಕಟರಾಮಪ್ಪ. ಹುಟ್ಟಿದ ತಾರೀಖು..."

ತಾಯಿ ಎದ್ದು ಓಡಿದಳು. ಮೆಂತ್ಯದ ಕಹಿ ಮೆತ್ತಿದ ಅಂಗೈಯಿಂದ ಮಗಳ ಬಾಯಿ ಮುಚ್ಚಿದಳು. ಮಗು ಉಸಿರಿಗೆ ಒದ್ದಾಡಿದರೂ ಕೈ ತೆಗೆಯಲಿಲ್ಲ.

ಬಯ್ಯಪ್ಪ ನಗುತ್ತಾ ಇಬ್ಬರನ್ನೂ ನೋಡುತ್ತಿದ್ದ. ಮಿಕ್ಕದ್ದನ್ನೂ ಯಾರಾದರೂ ಹೇಳಿಯಾರು ಎಂಬಂತೆ, ಗಂಟನ್ನು ಜಗಲಿಯ ಮೇಲಿಳಿಸಿ ಕೂತ.